ಮೆಷಿನ್ ಬಾಡಿಗೆಗೆ ಸಿಗ್ತದೆ, ಜೀವ ಸಿಗ್ತದೇನು?

ಬಳ್ಳಾರಿಯಲ್ಲಿ ಈಗ ಗೋಡೆ ಕಟ್ಟುವುದಕ್ಕಿಂತ ಗೋಡೆ ಒಡೆಯುವುದೇ ಸಸಾರ. ಹಿಂದೆ ನಾಲ್ಕು ಆಳು ಸಮ್ಮಟಿಗೆ, ಹಾರೆ ಹಿಡಿದು ಎರಡು ದಿನ ಬೆವರು ಸುರಿಸಿದರೂ ಜಗ್ಗದಿದ್ದ ಕಾಂಕ್ರೀಟ್ ಕಟ್ಟೆಯನ್ನು ಈಗ ಒಬ್ಬನೇ ಹುಡುಗ ಕರೆಂಟ್ ಮೆಷಿನ್ ಹಿಡಿದು ಮಧ್ಯಾಹ್ನದ ಊಟದೊಳಗೆ ಪುಡಿ ಮಾಡಿ ಕೊಡ್ತಾನೆ. ಬ್ರೂಸ್‌ಪೇಟೆಯ ಅಂಗಡಿ ಮುಂಭಾಗ ಇರಲಿ, ಕೌಲ್‌ಬಜಾರಿನ ಹಳೇ ಮನೆ ಇರಲಿ, ಸಿರುಗುಪ್ಪದ ಅಕ್ಕಿ ಗಿರಣಿಯ ನೆಲ ಇರಲಿ, ಕುರುಗೋಡಿನ ಕಲ್ಲುಮನೆಯ ಪಡಸಾಲೆ ಇರಲಿ, ಢರ್ರ್ ಅಂತ ಸದ್ದು ಬಂತೆಂದರೆ ಒಳಗೆ ಬ್ರೇಕರ್ ನಡೀತಿದೆ ಅಂತಲೇ ಲೆಕ್ಕ. ಪೆಟ್ಟಿಗೆಯ ಮೇಲೆ ಡೆಮಾಲಿಷನ್ ಹ್ಯಾಮರ್ ಅಂತ ದೊಡ್ಡ ಹೆಸರು ಬರೆದಿರುತ್ತದೆ. ನಮ್ಮ ಜನಕ್ಕೆ ಅದು ಬ್ರೇಕರ್.

ಮೆಷಿನ್ ಬಂದದ್ದು ತಪ್ಪಲ್ಲ. ಕೂಲಿಯ ಬೆನ್ನು ಮುರಿಯುವ ಕೆಲಸವನ್ನು ಅದು ಹಗುರ ಮಾಡಿದೆ. ನಮ್ಮ ತಕರಾರು ಇರುವುದು ಅದನ್ನು ಬಾಡಿಗೆಗೆ ಕೊಡುವ, ತರುವ, ನಡೆಸುವ ರೀತಿಯ ಮೇಲೆ. ಅಂಗಡಿಯವರು ಮೆಷಿನ್ ಕೊಡ್ತಾರೆ, ಎರಡು ಉಳಿ ಕೊಡ್ತಾರೆ, ಡಿಪಾಜಿಟ್ ಇಸ್ಕೊಳ್ತಾರೆ. ಕನ್ನಡಕ ಎಲ್ಲಿ? ಕಿವಿಗೆ ಹಾಕೋದು ಎಲ್ಲಿ? ಧೂಳಿನ ಮಾಸ್ಕ್ ಎಲ್ಲಿ? ಶಾಕ್ ಹೊಡೆಯದ ಹಾಗೆ ಕಾಯುವ ಸ್ವಿಚ್ ಎಲ್ಲಿ? ಮೆಷಿನ್ ಕೆಟ್ಟರೆ ಅಂತ ಡಿಪಾಜಿಟ್ ಹಿಡಿದುಕೊಳ್ಳುತ್ತಾರಲ್ಲ, ಅದನ್ನು ನಡೆಸುವ ಹುಡುಗನ ಕಣ್ಣು ಹೋದರೆ ಯಾರ ಹತ್ತಿರ ಡಿಪಾಜಿಟ್ ಇದೆ?

ಕರೆಂಟ್ ಮೊದಲ ಶತ್ರು

ಸಾಧಾರಣ ಬ್ರೇಕರ್ 10 ಕಿಲೋ ತೂಗುತ್ತದೆ, ದೊಡ್ಡದು 16–17 ಕಿಲೋ. ಉಳಿ ನಿಮಿಷಕ್ಕೆ ಸಾವಿರಕ್ಕೂ ಮೇಲೆ ಪೆಟ್ಟು ಹಾಕುತ್ತದೆ. ಇದಕ್ಕೆ 1500 ವ್ಯಾಟ್ ಆಸುಪಾಸು ಕರೆಂಟ್ ಬೇಕು. 230 ವೋಲ್ಟಿನ ಲೈನಿನಲ್ಲಿ ಅದು ಆರೂವರೆ ಆಂಪಿಯರ್. ಅಂದಮೇಲೆ ಟೇಬಲ್ ಫ್ಯಾನಿನ ಸಣ್ಣ ಸಾಕೆಟ್ಟಿಗೆ ಸಿಕ್ಕಿಸುವ ಸಾಮಾನು ಇದಲ್ಲ. 16 ಆಂಪಿಯರಿನ ಪವರ್ ಪ್ಲಗ್ಗೇ ಬೇಕು. ಆದರೆ ನಡೆಯುವುದೇನು? ಪ್ಲಗ್ ಇಲ್ಲದ ವೈರಿನ ಎರಡು ತುದಿ ಸುಲಿದು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಚುಚ್ಚುವುದು! ಮಧ್ಯೆ ಎರಡು ಕಡೆ ಟೇಪು ಸುತ್ತಿದ ಗಂಟು. ಆ ಗಂಟು ಹಾದು ಬರುವುದು ಒದ್ದೆ ನೆಲದ ಮೇಲೆ.

ಮನೆಯಲ್ಲಿ ಎಂ.ಸಿ.ಬಿ. ಇದೆ, ಏನೂ ಆಗಲ್ಲ ಅನ್ನುವವರು ಸ್ವಲ್ಪ ಕೇಳಿ. 16 ಆಂಪಿಯರಿನ ಎಂ.ಸಿ.ಬಿ. ಇರುವುದು ವೈರು ಸುಡದಂತೆ ಕಾಯಲಿಕ್ಕೆ. ಮನುಷ್ಯನನ್ನು ಕಾಯುವುದು ಆರ್.ಸಿ.ಸಿ.ಬಿ. ಹೋದ ಕರೆಂಟ್ ಅಷ್ಟೂ ವಾಪಸ್ ಬಂತೋ ಇಲ್ಲವೋ ಅಂತ ಅದು ಸದಾ ತೂಗಿ ನೋಡುತ್ತದೆ. 30 ಮಿಲಿ ಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಟ್. ಹಳೇ 40 ವ್ಯಾಟಿನ ಬಲ್ಬು ಉರಿಯಲು ಬೇಕಾಗುವ ಕರೆಂಟಿನ ಆರರಲ್ಲಿ ಒಂದು ಪಾಲು ಅದು. ಅಷ್ಟು ಎದೆಯ ಮೇಲೆ ಹಾದರೂ ಗುಂಡಿಗೆ ತಾಳ ತಪ್ಪಬಹುದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಬೆವರಿದ ಕೈ, ಬರಿಗಾಲು ಇದ್ದರಂತೂ ಕೇಳುವುದೇ ಬೇಡ.

ಈಗ ಬರುವ ಬಹಳಷ್ಟು ಬ್ರೇಕರ್‌ಗಳ ಮೇಲೆ ಒಂದರೊಳಗೊಂದು ಎರಡು ಚೌಕದ ಗುರುತು ಇರುತ್ತದೆ. ಡಬಲ್ ಇನ್ಸುಲೇಶನ್ ಅಂತ ಅರ್ಥ. ಮೆಷಿನ್ ಒಳಗಿನ ಕರೆಂಟ್ ಹೊರಗೆ ಬಾರದಂತೆ ಅದು ತಡೆಯುತ್ತದೆ, ಸರಿ. ಆದರೆ ಗೋಡೆಯೊಳಗೆ ಹೂತಿಟ್ಟ ವೈರಿಗೆ ಉಳಿ ತಾಗಿದರೆ? ಕರೆಂಟ್ ಬರುವುದು ಉಳಿಯ ಕಡೆಯಿಂದ. ಹಾಗಾಗಿ ಮೆಷಿನ್ನನ್ನು ರಬ್ಬರಿನ ಹಿಡಿಯಲ್ಲೇ ಹಿಡೀಬೇಕು, ಮುಂದಿನ ಕಬ್ಬಿಣದ ಮೂತಿ ಹಿಡೀಬಾರದು. ಅದಕ್ಕೂ ಮೊದಲು ಒಡೆಯುವ ಕೋಣೆಯ ಲೈನ್ ಆಫ್ ಆಗಬೇಕು. ಇಲ್ಲೊಂದು ಮೋಸ ಇದೆ. ಮೇನ್ ಆಫ್ ಮಾಡಿದೆವು ಅಂತ ನಿಶ್ಚಿಂತೆಯಿಂದ ಇರ್ತಾರೆ, ಮೂಲೆಯಲ್ಲಿ ಇನ್ವರ್ಟರ್ ಗುಂಯ್ ಅನ್ನುತ್ತಿರುತ್ತದೆ! ಮೇನ್ ಹೋದ ತಕ್ಷಣ ಅದೇ ಗೋಡೆಯ ವೈರಿಗೆ ಇನ್ವರ್ಟರ್ ಕರೆಂಟ್ ಕೊಡ್ತದೆ. ಅದನ್ನೂ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ಉಳಿ ಇಡಿ. ಮೆಷಿನ್ನಿಗೆ ಬೇರೆ ಕಡೆಯಿಂದ, ಆರ್.ಸಿ.ಸಿ.ಬಿ. ಇರುವ ಪೆಟ್ಟಿಗೆಯಿಂದ ಲೈನ್ ತನ್ನಿ. ಆ ಪೆಟ್ಟಿಗೆಯ ಟೆಸ್ಟ್ ಬಟನ್ ದಿನಾ ಒತ್ತಿ ನೋಡಿ. ಸುರುಳಿ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ ಹಾಗೇ ಬಿಟ್ಟರೆ ಕಾಯ್ದು ಕರಗುತ್ತದೆ.

ಯಾರಿಗಾದರೂ ಶಾಕ್ ಹಿಡಿದರೆ ಓಡಿ ಹೋಗಿ ಮುಟ್ಟಬೇಡಿ. ಮೊದಲು ಮೇನ್ ಆಫ್. ಉಸಿರಿಲ್ಲದಿದ್ದರೆ ಎದೆ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತುತ್ತಾ 108ಕ್ಕೆ ಫೋನ್ ಮಾಡಿಸಿ.

ಕಣ್ಣಿಗೆ ಕಾಣದ ಪೆಟ್ಟು

ಶಾಕ್ ಒಂದೇ ಏಟಿಗೆ ಗೊತ್ತಾಗ್ತದೆ. ಧೂಳು, ಸದ್ದು, ನಡುಕ ಹಾಗಲ್ಲ. ಅವು ಸಾಲಗಾರರ ಹಾಗೆ, ವರ್ಷಗಳ ಮೇಲೆ ಬಾಗಿಲಿಗೆ ಬರ್ತಾವೆ.

ಕಾಂಕ್ರೀಟಿನ ಮರಳಿನಲ್ಲಿ, ನಮ್ಮ ಗುಡ್ಡದ ಕಲ್ಲಿನಲ್ಲಿ ಸಿಲಿಕಾ ಇದೆ. ಅದರ ನಯವಾದ ಧೂಳು ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಕೂತುಬಿಡುತ್ತದೆ. ಸಿಲಿಕೋಸಿಸ್ ಅನ್ನುವ ಆ ರೋಗಕ್ಕೆ ಗುಣವಾಗುವ ಮದ್ದಿಲ್ಲ, ಮೇಲಿಂದ ಕ್ಷಯವೂ ಸುಲಭವಾಗಿ ಅಂಟುತ್ತದೆ. ಇದು ಕನ್ನಡ ನಾಡಿಗೆ ಹೊಸತಲ್ಲ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರು ಇದಕ್ಕೆ ಎದೆ ಕೊಟ್ಟವರು. ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮ ಮಾಡಿತ್ತು. ಎಂಬತ್ತು ವರ್ಷದ ಮೇಲಾದರೂ ನಮ್ಮ ಹುಡುಗರು ಮುಖಕ್ಕೆ ಟವೆಲ್ ಕಟ್ಟಿಕೊಂಡೇ ನಿಂತಿದ್ದಾರೆ. ಟವೆಲ್ ಬೆವರು ತಡೀತದೆ, ಈ ಧೂಳನ್ನು ತಡೆಯೋದಿಲ್ಲ. ಕೋವಿಡ್ ಕಾಲದಲ್ಲಿ ಎಲ್ಲರೂ ಕಂಡ ಎನ್-95 ಮಾಸ್ಕನ್ನು ಮೂಗಿಗೆ ಬಿಗಿಯಾಗಿ ಹಾಕಬೇಕು. ಒಡೆಯುವ ಜಾಗಕ್ಕೆ ನೀರು ಚಿಮುಕಿಸಿದರೆ ಧೂಳು ಅರ್ಧ ಅಲ್ಲೇ ಕೂರುತ್ತದೆ. ಆದರೆ ನೀರು ಗೋಡೆಗೆ ಬೀಳಲಿ, ಮೆಷಿನ್ನಿಗೂ ವೈರಿನ ಗಂಟಿಗೂ ಬೀಳಬಾರದು.

ಸದ್ದಿನ ಲೆಕ್ಕ ಹೀಗಿದೆ. ಕಾರ್ಖಾನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಅಳತೆಯಂತೆ 90 ಡೆಸಿಬಲ್ ಸದ್ದಿನಲ್ಲಿ 8 ಗಂಟೆ ಇರಬಹುದು, 95ರಲ್ಲಿ 4 ಗಂಟೆ, 100ರಲ್ಲಿ 2 ಗಂಟೆ ಮಾತ್ರ. ಬ್ರೇಕರ್ ಸದ್ದು ಮುಚ್ಚಿದ ಕೋಣೆಯಲ್ಲಿ ನೂರರ ಆಸುಪಾಸು. ನಮ್ಮವರು ಬೆಳಿಗ್ಗೆಯಿಂದ ಸಂಜೆತನಕ ಬರಿಗಿವಿಯಲ್ಲಿ ನಿಲ್ತಾರೆ. ಆಮೇಲೆ ಮನೆಯಲ್ಲಿ ಹೆಂಡತಿ ಮಕ್ಕಳು ಕೂಗಿ ಮಾತಾಡಬೇಕು.

ನಡುಕದ ಕಥೆ ಇನ್ನೂ ಬೇರೆ. ಬೆರಳು ಜುಮ್ ಅನ್ನೋದು, ರಾತ್ರಿ ಕೈ ಮರಗಟ್ಟೋದು, ಅಂಗಿ ಗುಂಡಿ ಹಾಕಲು ಬಾರದೆ ಹೋಗೋದು. ಚಳಿ ದೇಶಗಳಲ್ಲಿ ಬೆರಳು ಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತದೆ, ಅದನ್ನು ನೋಡಿ ವೈದ್ಯರು ಹಿಡೀತಾರೆ. ನಮ್ಮ ಬಿಸಿಲಲ್ಲಿ ಬಣ್ಣ ಬದಲಾಗದೇ ಇರಬಹುದು. ನರಕ್ಕೆ ಬೀಳುವ ಪೆಟ್ಟು ಮಾತ್ರ ತಪ್ಪುವುದಿಲ್ಲ. ಯೂರೋಪಿನ ದೇಶಗಳು 2002ರಲ್ಲಿ ಇದಕ್ಕೆ ಮಿತಿ ಹಾಕಿದವು. ಮೆಷಿನ್ನಿನ ಪುಸ್ತಕದಲ್ಲಿ ನಡುಕದ ಅಂಕಿ 10 ಅಂತ ಇದ್ದರೆ ಆ ಮಿತಿಯಂತೆ ಒಬ್ಬ ಮನುಷ್ಯ ದಿನಕ್ಕೆ 2 ಗಂಟೆ ಮಾತ್ರ ಅದನ್ನು ನಡೆಸಬಹುದು. 15 ಇದ್ದರೆ ಒಂದು ಗಂಟೆಯೂ ಇಲ್ಲ. ನಮ್ಮಲ್ಲಿ ಮಾಡಬೇಕಾದ್ದು ಇಷ್ಟೇ: ಇಬ್ಬರನ್ನು ಹಚ್ಚಿ, ಪಾಳಿ ಮಾಡಿ. ಒಬ್ಬ ಒಡೆಯಲಿ, ಇನ್ನೊಬ್ಬ ಕಲ್ಲು ತೆಗೆಯಲಿ, ಆಮೇಲೆ ಬದಲಾಯಿಸಲಿ.

ಇನ್ನೊಂದು ಗುಟ್ಟು. ಮೆಷಿನ್ ಮೇಲೆ ಎದೆ ಹಾಕಿ ಒತ್ತಿದರೆ ಬೇಗ ಒಡೆಯೋದಿಲ್ಲ, ನಡುಕ ಪೂರಾ ಮೈಗೆ ಬರ್ತದೆ ಅಷ್ಟೇ. ಅದರ ತೂಕವೇ ಅದಕ್ಕೆ ಸಾಕು. ಅಂಚಿನಿಂದ ಸುರು ಮಾಡಿ ಗೇಣುಗೇಣಿಗೆ ಒಡೆದುಕೊಂಡು ಬರಬೇಕು. ನಡುವೆ ಚುಚ್ಚಿದರೆ ಉಳಿ ಸಿಕ್ಕಿಹಾಕಿಕೊಳ್ತದೆ. ಸಿಕ್ಕಿಕೊಂಡ ಉಳಿಯನ್ನು ಹಾರೆ ಮೀಟಿದ ಹಾಗೆ ಮೀಟಿದರೆ ಉಳಿ ತುಂಡಾಗ್ತದೆ, ಇಲ್ಲ ಮೆಷಿನ್ ಹೋಗ್ತದೆ. ಮೊಂಡು ಉಳಿ, ಸಡಿಲ ಲಾಕು ಇದ್ದರೆ ವಾಪಸ್ ಕೊಟ್ಟು ಬೇರೆ ತನ್ನಿ. ಈಗಷ್ಟೇ ಬಿಚ್ಚಿದ ಉಳಿಯನ್ನು ಬರಿಗೈಲಿ ಮುಟ್ಟಬೇಡಿ, ಸುಡ್ತದೆ. ಏಣಿ ಮೇಲೆ ನಿಂತು, ತಲೆ ಮೇಲೆತ್ತಿ ಬ್ರೇಕರ್ ಹಿಡಿಯುವುದಂತೂ ಸರ್ಕಸ್ಸು. 10 ಕಿಲೋ ಒದೆಯುವ ಮೆಷಿನ್ನನ್ನು ಏಣಿ ತಡೆಯೋದಿಲ್ಲ.

ಮೇಲಿಂದ ಕೆಳಗೆ, ಕೆಳಗಿಂದ ಮೇಲಲ್ಲ

ಕಟ್ಟಡ ಬಿದ್ದರೆ ಏನಾಗ್ತದೆ ಅಂತ ಬಳ್ಳಾರಿಗೆ ಬೇರೆಯವರು ಹೇಳಬೇಕಿಲ್ಲ. 2010ರ ಜನವರಿಯಲ್ಲಿ ಇದೇ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಅನೇಕರು ಸತ್ತರು. ದಿನಗಟ್ಟಲೆ ಅವಶೇಷ ಎತ್ತಬೇಕಾಯಿತು. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಅದೇ ಗತಿ, 19 ಜೀವ ಹೋದವು. ಅವು ಕಟ್ಟುತ್ತಿದ್ದ ಕಟ್ಟಡಗಳು, ಬ್ರೇಕರಿಗೂ ಅವಕ್ಕೂ ಸಂಬಂಧ ಇಲ್ಲ. ಆದರೆ ಭಾರ ಹೊರುವುದು ಯಾವುದು ಅಂತ ತಿಳಿಯದೆ ಕೈ ಹಾಕಿದರೆ ಒಡೆಯುವ ಕಟ್ಟಡವೂ ಹಾಗೇ ಬೀಳ್ತದೆ. ಮೆಷಿನ್ನಿಗೆ ಕಂಬ ಯಾವುದು, ತಡಿಕೆ ಗೋಡೆ ಯಾವುದು ಅಂತ ಗೊತ್ತಿಲ್ಲ. ಗೊತ್ತಿರಬೇಕಾದ್ದು ಮನುಷ್ಯನಿಗೆ.

ಅಂಗಡಿಯವರಿಗೆ ಇದು ಮುಖ್ಯ. ಮುಂಭಾಗ ತೆಗೆಯುವಾಗ ಅನೇಕರು ಸಜ್ಜೆಯ ಮೇಲಿನ ಗೋಡೆಯನ್ನು ಮೊದಲು ಇಳಿಸ್ತಾರೆ. ಹೊರಗೆ ಚಾಚಿದ ಸಜ್ಜೆ ಎಷ್ಟೋ ಕಡೆ ನಿಂತಿರುವುದೇ ಹಿಂದಿನ ಗೋಡೆಯ ಭಾರದಿಂದ. ಆ ಭಾರ ತೆಗೆದರೆ ಸಜ್ಜೆ ಹಾಗೇ ಮಗುಚಿ ಬೀಳ್ತದೆ, ಮೇಲೆ ನಿಂತವನ ಸಮೇತ. ಸಜ್ಜೆಗೆ ಕೆಳಗಿಂದ ಭದ್ರವಾಗಿ ಊರುಗೋಲು ಕೊಟ್ಟು, ಮೊದಲು ಅದನ್ನೇ ಅಂಚಿನಿಂದ ತೆಗೆಯಬೇಕು. ಗೋಡೆಯ ಬುಡ ಕೊರೆದು ಮೇಲಿನದನ್ನು ಬೀಳಿಸುವ ಜಾಣತನ ಯಾರೂ ಮಾಡಬೇಡಿ.

ಊರೂರಿಗೂ ನೆಲ ಬೇರೆ. ಸಿರುಗುಪ್ಪದ ಎರೆ ನೆಲ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅಲ್ಲಿನ ಹಳೇ ಗೋಡೆಗಳು ಎಷ್ಟೋ ಮೊದಲೇ ಸೀಳಿರುತ್ತವೆ. ಜಂಟಿ ಗೋಡೆಯ ಈ ಕಡೆ ಬ್ರೇಕರ್ ಹಿಡಿದರೆ ಆ ಕಡೆಯವರ ತೊಟ್ಟಿಲ ಮೇಲೆ ಮಣ್ಣು ಉದುರುತ್ತದೆ. ನೆರೆಯವರಿಗೆ ಹಿಂದಿನ ದಿನವೇ ಹೇಳಿ, ಬಿರುಕು ನೋಡಿ, ಗೋಡೆ ಹತ್ತಿರ ಬಂದಾಗ ಮೆಷಿನ್ ಬಿಟ್ಟು ಕೈಸುತ್ತಿಗೆ ಹಿಡೀರಿ. ಕುರುಗೋಡಿನ ಕಡೆ ಮಣ್ಣು ಮೆತ್ತಿ ಕಟ್ಟಿದ ಕಲ್ಲುಗೋಡೆಗಳಿವೆ. ನಡುಕಕ್ಕೆ ಒಳಗಿನ ಮಣ್ಣು ಸಡಿಲಾದರೆ ಕಲ್ಲು ತಾನೇ ಜಾರುತ್ತದೆ. ಅವನ್ನು ಮೇಲಿಂದ ಒಂದೊಂದೇ ವರಸೆ ಕೈಯಿಂದ ಇಳಿಸುವುದೇ ಸರಿ. ಇನ್ನು ಗುಡ್ಡದ ಗಟ್ಟಿ ಬಂಡೆಗೆ ಬ್ರೇಕರ್ ಹಚ್ಚಿದರೆ ಉಳಿ ಪುಟಿದು ಕಾಲಿಗೇ ಬರುತ್ತದೆ. ಬಂಡೆಗೆ ಸಾಲಾಗಿ ತೂತು ಕೊರೆದು ಬೆಣೆ ಹೊಡೀಬೇಕು. ನಮ್ಮ ಕಲ್ಲುಕುಟಿಗರ ಹಳೇ ವಿದ್ಯೆ ಅದು. ಹಂಪಿಯ ಬಂಡೆಗಳ ಮೇಲೆ ಆ ಬೆಣೆ ಗುಂಡಿಗಳ ಸಾಲು ಇವತ್ತಿಗೂ ಕಾಣ್ತದೆ.

ರಸ್ತೆಯಲ್ಲಿ ಹೋಗುವವರ ಗತಿಯನ್ನೂ ನೆನಪಿಡಿ. ಬಸ್ಸಿಗೆ ಕಾಯುವ ಹೆಂಗಸರು, ಶಾಲೆ ಮಕ್ಕಳು ಒಡೆಯುವ ಅಂಗಡಿ ಮುಂದೆಯೇ ನಿಂತಿರ್ತಾರೆ. ಚೂರು ಹಾರಿದರೆ ಯಾರ ಕಣ್ಣು ಅಂತ ನೋಡಿ ಬರೋದಿಲ್ಲ. ಒಂದು ತಟ್ಟು, ಒಂದು ಹಗ್ಗ, ನಾಲ್ಕು ಗೂಟ: ಅಷ್ಟು ಹಾಕಲು ಎಷ್ಟು ಖರ್ಚು ಸ್ವಾಮಿ?

ಹೊಣೆ ಯಾರದು?

ಎಲ್ಲರೂ ಇನ್ನೊಬ್ಬರ ಕಡೆ ಬೆರಳು ತೋರಿಸ್ತಾರೆ. ಮಾಲೀಕ ಮೇಸ್ತ್ರಿಗೆ ಗುತ್ತಿಗೆ ಕೊಟ್ಟೆ ಅಂತಾನೆ. ಮೇಸ್ತ್ರಿ ಮೆಷಿನ್ ಅಂಗಡಿಯದು ಅಂತಾನೆ. ಅಂಗಡಿಯವ ನಾನು ಬಾಡಿಗೆಗೆ ಕೊಟ್ಟೆ ಅಷ್ಟೇ ಅಂತಾನೆ. ಬೆಳಗಿನ ಬಸ್ಸಿಗೆ ಹಳ್ಳಿಯಿಂದ ಬಂದ ಹುಡುಗ ಏನೂ ಅನ್ನೋದಿಲ್ಲ. ಅವನಿಗೆ ಆ ದಿನದ ಕೂಲಿ ಬೇಕು.

ನಮ್ಮ ಮಾತು ಇದು. ಮೆಷಿನ್ ಬಾಡಿಗೆಗೆ ಕೊಡುವವರು ಕನ್ನಡಕ, ಕಿವಿಮುಚ್ಚು, ಮಾಸ್ಕ್, ಕೈಗವಸು, ಆರ್.ಸಿ.ಸಿ.ಬಿ. ಪೆಟ್ಟಿಗೆ ಇವಿಷ್ಟನ್ನೂ ಅದೇ ಪೆಟ್ಟಿಗೆಯಲ್ಲಿಟ್ಟು, ಅದೇ ಬಾಡಿಗೆಯಲ್ಲಿ ಸೇರಿಸಿ ಕೊಡಲಿ. ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೇಳಲಿ, ತಪ್ಪಿಲ್ಲ. ಮನೆ ಮಾಲೀಕರು ಬಾಡಿಗೆ ಚೌಕಾಸಿ ಮಾಡುವಾಗ ಇವುಗಳ ಮೇಲೆ ಚೌಕಾಸಿ ಮಾಡಬೇಡಿ. ಪೂರ್ತಿ ಸೆಟ್ಟು ಕೊಡದ ಅಂಗಡಿಯಿಂದ ಮೆಷಿನ್ ತರಬೇಡಿ. ಎರಡು ವಾರ ಗಿರಾಕಿ ವಾಪಸ್ ಹೋದರೆ ಮೂರನೇ ವಾರ ಅಂಗಡಿಯಲ್ಲಿ ಕನ್ನಡಕ ತಾನೇ ಬರ್ತದೆ. ಇದು ಕಾನೂನಿಗಿಂತ ಬೇಗ ಕೆಲಸ ಮಾಡುವ ದಾರಿ.

ಬಳ್ಳಾರಿ ಮಹಾನಗರ ಪಾಲಿಕೆ, ಸಿರುಗುಪ್ಪ ನಗರಸಭೆ, ಕುರುಗೋಡು ಪುರಸಭೆಯವರು ರಸ್ತೆ ಅಂಚಿನ ಕಟ್ಟಡ ಒಡೆಯುವ ಕಡೆ ತಟ್ಟು, ಹಗ್ಗ ಇದೆಯೋ ಇಲ್ಲವೋ ಅಂತ ಒಂದು ಸುತ್ತು ಬಂದು ನೋಡಲಿ. ಜೆಸ್ಕಾಂನವರು ಪೂರ್ತಿ ಮನೆ ಕೆಡವುವ ಮುನ್ನ ಸರ್ವಿಸ್ ವೈರು ಬಿಚ್ಚಿಸಿಕೊಳ್ಳಿ ಅಂತ ಜನಕ್ಕೆ ತಿಳಿಸಲಿ. ಕೂಲಿ ಹುಡುಗರೂ ಒಂದು ಕೆಲಸ ಮಾಡಬೇಕು. 18ರಿಂದ 60 ವರ್ಷದೊಳಗಿದ್ದು, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಒಡೆಯುವ ಕೆಲಸವೂ ಕಟ್ಟಡ ಕೆಲಸವೇ. ಅಪಘಾತ ಆದ ಮೇಲೆ ಕಾರ್ಡ್ ಹುಡುಕಿದರೆ ಪ್ರಯೋಜನ ಇಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅಂತ ಹಿರಿಯರು ಹೇಳ್ತಾರೆ. ಗುಡ್ಡದ ಮೇಲೆ ಕೋಟೆ ಇಟ್ಟುಕೊಂಡ ಬಳ್ಳಾರಿಯವರಾದರೂ ಬಾಗಿಲನ್ನು ಹೊತ್ತಿಗೆ ಮುಂಚೆ ಹಾಕುವುದು ಕಲಿಯಬೇಕು. ನಾಳೆ ಬೆಳಿಗ್ಗೆ ಬ್ರೇಕರ್ ತರಲು ಹೋಗುವವರು ಬಾಡಿಗೆ ಎಷ್ಟು ಅಂತ ಕೇಳುವ ಮುಂಚೆ, ಕನ್ನಡಕ ಎಲ್ಲಿ ಅಂತ ಕೇಳಿ.