ಡಿಶ್‌ಗೂ ಒಂದು ಕೊಟ್ಟೆ

ಹೋದ ವರ್ಷ ಜುಲೈ ತಿಂಗಳ ಒಂದು ಸಂಜೆ. ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅಮ್ಮನ ಫೋನ್. "ಟೀವಿ ಬರ್ತಾ ಇಲ್ಲ ಕಣೋ. ನೋ ಸಿಗ್ನಲ್ ಅಂತ ತೋರಿಸ್ತಿದೆ. ಮೂರು ದಿನ ಆಯ್ತು."

ಸಾಗರದ ಕಡೆಯ ಮಳೆಗಾಲ ನೋಡಿದವರಿಗೆ ಈ ಮೂರು ದಿನದ ಬೆಲೆ ಗೊತ್ತಿರುತ್ತದೆ. ಪೇಟೆಗೆ ಹೋಗುವ ಹಾಗಿಲ್ಲ, ಆಚೆಮನೆಯವರು ಬರುವ ಹಾಗಿಲ್ಲ, ಕರೆಂಟಿನ ಜೊತೆಗೇ ಮೊಬೈಲ್ ನೆಟ್‌ವರ್ಕೂ ಹೋಗುತ್ತದೆ. ಕತ್ತಲಾದ ಮೇಲೆ ಮನೆಯಲ್ಲಿ ಮೂರನೆಯವರ ದನಿ ಅಂತ ಒಂದಿದ್ದರೆ ಅದು ಟೀವಿಯದ್ದು.

ನಾನೋ ದೊಡ್ಡ ಇಂಜಿನಿಯರ್! "ಅಪ್ಪಯ್ಯಂಗೆ ಹೇಳು, ಡಿಶ್ ಸ್ವಲ್ಪ ಅಲ್ಲಾಡಿಸಿ ನೋಡ್ಲಿ" ಅಂದು ಫೋನ್ ಇಟ್ಟೆ. ಅಪ್ಪಯ್ಯ ಏಣಿ ಇಟ್ಟು, ಪಾಚಿಗಟ್ಟಿದ ಹೆಂಚಿನ ಮೇಲೆ ಹತ್ತಿದರು. ಇಳಿಯುವಾಗ ಕಾಲು ಜಾರಿತು. ಏಣಿಯ ಮೂರನೇ ಮೆಟ್ಟಿಲಿನಿಂದ ಬಿದ್ದಿದ್ದರಿಂದ ಮಂಡಿ ಊದಿಕೊಂಡಿದ್ದಕ್ಕೆ ಮುಗಿಯಿತು. ಹೆಂಚಿನ ಮೇಲಿನಿಂದಲೇ ಜಾರಿದ್ದರೆ? ಆ ಯೋಚನೆ ಈಗಲೂ ಕೆಲವು ರಾತ್ರಿ ನನ್ನನ್ನು ಎಬ್ಬಿಸುತ್ತದೆ.

ಶನಿವಾರ ಊರಿಗೆ ಹೋಗಿ, ಮಳೆ ಬಿಟ್ಟ ಹೊತ್ತು ನೋಡಿ ನಾನೇ ಹತ್ತಿದೆ. ಡಿಶ್ ಸ್ವಲ್ಪವೂ ಅಲುಗಿರಲಿಲ್ಲ. ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿರುವ ಪುಟ್ಟ ಡಬ್ಬಿಗೆ ಎಲ್‌ಎನ್‌ಬಿ ಅಂತಾರಲ್ಲ, ಅದಕ್ಕೆ ಕೇಬಲ್ ಸೇರುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಮೇಲೂ ಕೆಳಗೂ ಟೇಪ್ ಸುತ್ತಿ ಬಿಗಿಯಾಗಿ ಕಟ್ಟಿದ್ದರು. ಒಳಗೆ ಒಂದು ಲೋಟದಷ್ಟು ನೀರು! ಕಟ್ಟಿದವನು ಬೇರೆ ಯಾರೂ ಅಲ್ಲ, ಮೇ ತಿಂಗಳಲ್ಲಿ ಬಂದಿದ್ದ ನಾನೇ.

ಚೀಲ ಕೆಳಗೆ ತಂದೆ. ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ಅಪ್ಪಯ್ಯ ಅದನ್ನು ನೋಡಿ ನಕ್ಕರು. "ಅಲ್ವೋ ಮಾರಾಯ, ಅಡಿಕೆ ಕೊನೆಗೆ ಕಟ್ಟೋ ಕೊಟ್ಟೇನ ಯಾರಾದ್ರೂ ಕೆಳಗೂ ಕಟ್ತಾರಾ?"

ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆ ರೋಗ ಬಾರದಿರಲಿ ಅಂತ ಮಳೆಗಾಲಕ್ಕೆ ಅಡಿಕೆ ಕೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತೇವೆ. ಮೇಲೆ ಬಿಗಿ, ಕೆಳಗೆ ಬಾಯಿ ತೆರೆದೇ ಇರಬೇಕು. ಒಳಗೆ ಹೋದ ನೀರು ಇಳಿದು ಹೋಗಬೇಕು, ಗಾಳಿ ಆಡಬೇಕು. ಮೂವತ್ತು ವರ್ಷ ಇದನ್ನು ನೋಡಿಕೊಂಡೇ ಬೆಳೆದ ನಾನು, ಡಿಶ್‌ಗೆ ಕಟ್ಟುವಾಗ ಮಾತ್ರ ಮರೆತಿದ್ದೆ. ಮೇಲಿನ ಟೇಪಿನ ಅಂಟು ಬಿಸಿಲಿಗೆ ಬಿಟ್ಟುಕೊಂಡಿತ್ತು, ನೀರು ಒಳಗಿಳಿದು ಹೊರಹೋಗಲು ದಾರಿ ಕಾಣದೆ ಅಲ್ಲೇ ನಿಂತಿತ್ತು.

ನೀರು ನಿಂತರೆ ಏನಾಗುತ್ತದೆ? ಎಲ್‌ಎನ್‌ಬಿಗೆ ಬೇಕಾದ 13 ಅಥವಾ 18 ವೋಲ್ಟ್ ಕರೆಂಟು ಸೆಟ್‌ಟಾಪ್ ಬಾಕ್ಸಿನಿಂದ ಅದೇ ಕೇಬಲ್ಲಿನಲ್ಲಿ ಹೋಗುತ್ತದೆ. ಕರೆಂಟು, ನೀರು, ತಾಮ್ರ ಮೂರೂ ಸೇರಿದರೆ ಬೇಗನೆ ಹಸಿರು ಕಿಲುಬು. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ, ಕೇಬಲ್ಲಿನೊಳಗಿನ ಜಾಲರಿ ನೀರನ್ನು ಎಳೆದುಕೊಳ್ಳುತ್ತದೆ.

ಈಗ ನಾನು ಮಾಡುವುದು ಹೀಗೆ. ಮೊದಲು ಬಾಕ್ಸಿನ ಪ್ಲಗ್ ಕೀಳುತ್ತೇನೆ. ಕಪ್ಪಾದ ಕೇಬಲ್ ತುದಿಯನ್ನು ತಾಮ್ರ ಹೊಳೆಯುವವರೆಗೆ ಕತ್ತರಿಸಿ, ಹೊಸ ಕನೆಕ್ಟರ್ ಹಾಕುತ್ತೇನೆ. ಅದರ ಮೇಲೆ, ಅಂಟಿಲ್ಲದ, ಎಳೆದು ಸುತ್ತಿದರೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್. ಸುತ್ತುವುದು ಕೆಳಗಿನಿಂದ ಮೇಲಕ್ಕೆ. ಹೆಂಚು ಹೊದಿಸುವವರು ಸೂರಿನಿಂದ ಶುರು ಮಾಡುವುದು ಯಾಕೋ, ಇದೂ ಅದಕ್ಕೇ. ಬಿಸಿಲಿನ ರಕ್ಷಣೆಗೆ ಅದರ ಮೇಲೊಂದು ಸುತ್ತು ಮಾಮೂಲಿ ಕಪ್ಪು ಟೇಪ್. ಎಲ್ಲಕ್ಕಿಂತ ಮೇಲೆ, ತಳ ಕತ್ತರಿಸಿದ ಸಣ್ಣ ಪ್ಲಾಸ್ಟಿಕ್ ಬಾಟಲಿ, ಕತ್ತರಿಸಿದ ಬದಿ ಕೆಳಗೆ ಮಾಡಿ. ಅದೇ ಕೊಟ್ಟೆ! ವಿನೆಗರ್ ವಾಸನೆ ಬರುವ ಸಿಲಿಕೋನನ್ನು ಕನೆಕ್ಟರಿಗೆ ಹಚ್ಚಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ತೂತಿಗಿಂತ ಒಂದು ಗೇಣು ಕೆಳಗೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತನ್ನಿ. ಕೇಬಲ್ ಹಿಡಿದು ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಮನೆಯೊಳಗೆ ಬರುವುದಿಲ್ಲ.

ಸಿಡಿಲಿಗೆ ಮಾತ್ರ ಯಾವ ಟೇಪೂ ಸಾಲದು. ಡಿಶ್ ಕಂಬಕ್ಕೆ ವೈರಿಂಗ್ ಗೊತ್ತಿರುವವರಿಂದ ಅರ್ತಿಂಗ್ ಮಾಡಿಸಿ. ಮೋಡ ಕಟ್ಟುವಾಗಲೇ ಪ್ಲಗ್ಗನ್ನೂ ಕೇಬಲ್ಲನ್ನೂ ಬಾಕ್ಸಿನಿಂದ ತೆಗೆದಿಡಿ. ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ.

ಈ ಮೇ ತಿಂಗಳಲ್ಲಿ ಇನ್ನೊಂದು ಕೆಲಸ ಮಾಡಿದೆ. ಡಿಶ್ಶನ್ನೇ ಮಾಡಿನಿಂದ ಇಳಿಸಿ ಅಂಗಳದ ಮೂಲೆಯಲ್ಲಿ ಒಂದು ಕಬ್ಬಿಣದ ಪೈಪಿಗೆ ಹಾಕಿಸಿದೆ. ಡಿಶ್‌ಗೆ ಎತ್ತರ ಬೇಕಿಲ್ಲ, ನಮ್ಮ ಕಡೆಯಿಂದ ಆಗ್ನೇಯ ದಿಕ್ಕಿನ ಆಕಾಶ ಮರದ ಅಡ್ಡವಿಲ್ಲದೆ ಕಂಡರೆ ಸಾಕು. 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ನಮ್ಮ ಮಾಡಿನ ಎತ್ತರ ಯಾವ ಲೆಕ್ಕ?

ಮೊನ್ನೆ ಮತ್ತೆ ಅಮ್ಮನ ಫೋನ್. "ಟೀವಿ ಹೋಯ್ತು ಕಣೋ."

"ಮಳೆ ಹೇಗಿದೆ ಅಮ್ಮಾ?"

"ಅಯ್ಯೋ, ಧೋ ಅಂತ ಸುರೀತಿದೆ."

ಜೋರು ಮಳೆಯ ಹನಿಗಳು ದಾರಿಯಲ್ಲೇ ಸಿಗ್ನಲ್ ಹೀರಿಕೊಳ್ಳುತ್ತವೆ. ಮಳೆ ಕಡಿಮೆಯಾದರೆ ಅದು ತಾನಾಗೇ ಬರುತ್ತದೆ, ಅದಕ್ಕೆ ರಿಪೇರಿಯೇ ಬೇಡ. ಮಳೆ ನಿಂತ ಮೇಲೂ ಬರದಿದ್ದರೆ ಮಾತ್ರ ಕೇಬಲ್ ಜಾಯಿಂಟ್ ನೋಡಬೇಕು. ಹೋದ ವರ್ಷ ನಾನು ಕೇಳಬೇಕಿದ್ದ ಪ್ರಶ್ನೆಯೂ ಇಷ್ಟೇ.

"ಸುಮ್ನೆ ಕಾಯಿ. ಅಪ್ಪಯ್ಯ ಹೊರಗೆ ಹೋಗೋದು ಬೇಡ" ಅಂದೆ.

ಕಾಲು ಗಂಟೆ ಬಿಟ್ಟು ಅಮ್ಮನ ಮೆಸೇಜು ಬಂತು: "ಬಂತು. ಧಾರಾವಾಹಿ ಅರ್ಧ ಹೋಯ್ತು. ಅಪ್ಪಯ್ಯ ಇಲ್ಲೇ ಕೂತಿದಾರೆ."