ಟೀಮ್ ಇಲ್ಲದ ಟೀಮ್ ಲೀಡ್

ಬಳಗಾನೂರು ಸುತ್ತಲಿನ ಪಂಚಾಯ್ತಿ ಗ್ರಂಥಾಲಯಗಳಿಗೆ ಹೋಗಿ ನೋಡ್ರಿ. ಅಲ್ಲಿ ಕೂತವರ ಹುದ್ದೆ 'ಮೇಲ್ವಿಚಾರಕರು'. ಯಾರ ಮೇಲ್ವಿಚಾರಣೆ? ಕೈಕೆಳಗೆ ಒಬ್ಬರೂ ಇಲ್ಲ! ಬೀಗ ತೆಗೆಯೋದು, ಕಸ ಹೊಡೆಯೋದು, ಪೇಪರ್ ಜೋಡಿಸೋದು, ಯಾರು ಯಾವ ಪುಸ್ತಕ ಒಯ್ದರು ಅಂತ ಬರೆದಿಡೋದು, ಎಲ್ಲಾ ಅವರೇ.

2019ರಲ್ಲಿ ಇವರನ್ನು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದರು. ಬೋರ್ಡ್ ಮೇಲೆ 'ಅರಿವು ಕೇಂದ್ರ' ಅಂತ ಬಂತು, ಹಲವು ಕಡೆ ಕಂಪ್ಯೂಟರೂ ಬಂತು. ಆದರೆ ವರ್ಷಗಟ್ಟಲೆ ಗೌರವಧನದಲ್ಲೇ ದುಡಿದ ಇವರು ಕನಿಷ್ಠ ವೇತನಕ್ಕೂ ಹೋರಾಡಬೇಕಾಯಿತು. (ನಮ್ಮ ಅಪ್ರೈಸಲ್ ಗೋಳು ಇದರ ಮುಂದೆ ಏನೂ ಅಲ್ಲ.)

ದುಡ್ಡು ಎಲ್ಲಿಂದ ಅಂತೀರಾ? 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಐತಿ. ಊರಿಗೆ ಹೋದಾಗ ಗ್ರಾಮಸಭೆಯಲ್ಲಿ ಒಂದು ಮಾತು ಕೇಳಿ: ಮೇಲ್ವಿಚಾರಕರಿಗೆ ಈ ತಿಂಗಳ ದುಡ್ಡು ಬಂತಾ?