ಇಳಿವಯಸ್ಸಿನ ಸೂರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಿರಿಯರ ವಸತಿ ಎಂದರೆ ಮೊದಲ ಅರ್ಥ ಸ್ವಂತ ಮನೆಯೇ. ಮಕ್ಕಳು ನರಸಾಪುರದ ಕಾರ್ಖಾನೆಗೋ ಬೆಂಗಳೂರಿಗೋ ಹೋಗಿರುತ್ತಾರೆ. ಅಪ್ಪ ಅಮ್ಮನನ್ನು ಹಸುವೂ ಮಾವಿನ ತೋಪೂ ಊರಲ್ಲೇ ಕಟ್ಟಿಹಾಕಿರುತ್ತವೆ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವವರು ಮಗಳ ಮನೆಗೆ ಹೋದರೂ ಎರಡು ದಿನ ನಿಲ್ಲುವುದಿಲ್ಲ.

ಕೈಕಾಲು ಗಟ್ಟಿಯಿರುವ ತನಕ ಇದೇ ಒಳ್ಳೆಯ ಆಯ್ಕೆ. ಆದರೆ ಹಳೆಯ ಮನೆಗಳನ್ನು ಮುಪ್ಪನ್ನು ಎಣಿಸಿ ಕಟ್ಟಿದ್ದಲ್ಲ. ಹೊಸ್ತಿಲು ಎತ್ತರ, ಜಗಲಿಗೆ ಮೆಟ್ಟಿಲು, ಬಚ್ಚಲು ಹಿತ್ತಲಲ್ಲಿ. ಮಲಗುವ ಕೋಣೆಯ ಪಕ್ಕಕ್ಕೇ ಶೌಚಾಲಯ ತಂದು, ಗೋಡೆಗೆ ಹಿಡಿಕೆ ಹಾಕಿಸಿದರೆ ಬೀಳುವ ಭಯ ಬಹಳಷ್ಟು ತಗ್ಗುತ್ತದೆ. ಇನ್ನೊಂದು ಲೆಕ್ಕ ಆಸ್ಪತ್ರೆಯ ದೂರದ್ದು. ಎಲ್ಲ ತಾಲ್ಲೂಕು ಕೇಂದ್ರಗಳಲ್ಲೂ ಸರ್ಕಾರಿ ಆಸ್ಪತ್ರೆ ಇದ್ದರೂ ದೊಡ್ಡ ಕಾಯಿಲೆಗೆ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ಬರಬೇಕು. ಮುಳಬಾಗಿಲಿನಿಂದಲೇ ಅದು ಸುಮಾರು 30 ಕಿ.ಮೀ.; ಗಡಿಯ ಹಳ್ಳಿಗಳಿಗೆ ಇನ್ನೂ ದೂರ. ಹೃದ್ರೋಗಿಗಳು ಪೇಟೆಯಲ್ಲಿ ನೆಲಮಟ್ಟದ ಬಾಡಿಗೆ ಮನೆ ಹಿಡಿಯುವುದು ತೋಟದ ಮನೆಯಲ್ಲಿ ಹಟ ಹಿಡಿದು ಕೂರುವುದಕ್ಕಿಂತ ಜಾಣತನ.

ಮಕ್ಕಳ ಮನೆಗೆ ಹೊರಡುವಾಗ ಎಡವುವುದು ಕಾಗದಪತ್ರದಲ್ಲಿ. ಜಮೀನು, ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿ ಕೈ ತೊಳೆದುಕೊಳ್ಳುವ ರೂಢಿ ಇದೆ. ವಿಲ್ ಆದರೆ ಬದುಕಿರುವಷ್ಟು ದಿನ ಬದಲಾಯಿಸಬಹುದು. ದಾನಪತ್ರ ನೋಂದಣಿಯಾದರೆ ಆಸ್ತಿ ಕೈಬಿಟ್ಟಂತೆ. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆ, 2007ರ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಷರತ್ತು ಮುರಿದಾಗ ರದ್ದು ಮಾಡಿಸಬಹುದು. ಷರತ್ತು ಇದ್ದುದನ್ನು ತೋರಿಸಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು. ಷರತ್ತಿನ ಆ ಒಂದು ಸಾಲು ದಾನಪತ್ರದಲ್ಲೇ ಇದ್ದರೆ ಕೋರ್ಟಿನ ಉದಾರತೆಗೆ ಕಾಯಬೇಕಿಲ್ಲ.

ಪಿಂಚಣಿ ಇರುವವರನ್ನು ಬೆಂಗಳೂರಿನ ಹಿರಿಯರ ವಸತಿ ಸಮುಚ್ಚಯಗಳು ಸೆಳೆಯುತ್ತವೆ. ಅಡುಗೆ, ಕಾವಲು, ಕರೆದರೆ ನರ್ಸ್: ಅನುಕೂಲ ನಿಜ. ಠೇವಣಿ ಯಾವಾಗ, ಯಾರಿಗೆ ಮರಳುತ್ತದೆ, ತಿಂಗಳ ಶುಲ್ಕ ವರ್ಷಕ್ಕೆಷ್ಟು ಏರುತ್ತದೆ, ಹಾಸಿಗೆ ಹಿಡಿದವರನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬುದು ಕರಾರಿನಲ್ಲಿರಬೇಕು. ಬಣ್ಣದ ಕರಪತ್ರದಲ್ಲಿ ಇದ್ಯಾವುದೂ ಇರುವುದಿಲ್ಲ.

ಏನೂ ಇಲ್ಲದವರ ಪಾಲಿಗೆ ವೃದ್ಧಾಶ್ರಮ. ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಬಡ ಹಿರಿಯರಿಗೆ ಸಾಲುವಷ್ಟು ದೊಡ್ಡದನ್ನು ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ ಅದೇ ಕಾಯ್ದೆಯ 19ನೇ ಸೆಕ್ಷನ್. ‘ಬಹುದು’ ಎಂಬ ಮೆತ್ತನೆಯ ಪದದಲ್ಲಿ ಸರ್ಕಾರಗಳಿಗೆ ಬೇಕಾದಷ್ಟು ಜಾಗವಿದೆ. ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ 1,200 ರೂಪಾಯಿ ಪಿಂಚಣಿಯಲ್ಲಿ ಖಾಸಗಿ ಆಶ್ರಮದ ಖರ್ಚು ಹುಟ್ಟುವುದಿಲ್ಲ.

ಮಕ್ಕಳು ಕೈಬಿಟ್ಟರೆ ಇದೇ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶಕ್ಕೆ ಆದೇಶವಾಗುತ್ತದೆ. ದಾರಿ ಕೇಳಲು ಹಿರಿಯರ ಸಹಾಯವಾಣಿ ಇದೆ: 14567.